ಬೋರಲು ಹಾಕಿದ ಕರಟ

“ಈ ಮನೆ ಕರಟ ಬೋರಲು ಹಾಕಿ ಮೇಡಂ. ಏಳನೇ ಕ್ಲಾಸಿಗೇ ಚೀಲ ಬಿಸಾಕಿ ಬಂದೋನ ಮನೇಲಿ ಏನು ತಿಳಿವಳಿಕೆ ಐತೆ ಅಂತ ಕಾಯ್ಕೊಂಡು ಕೂತಿದ್ದೀರಿ?”

ಹಾಲಿನ ಡೈರಿಯ ಕಾರ್ಯದರ್ಶಿ ನಂಜುಂಡಯ್ಯ ಹೀಗಂದವನೇ ಕುರ್ಚಿಯಿಂದ ಏಳದೆ ಕಾಲು ಚಾಚಿ, ನೆಲದ ಮೇಲಿದ್ದ ತೆಂಗಿನ ಕರಟವನ್ನು ಹೆಬ್ಬೆರಳಿನಿಂದ ಮಗುಚಿ ಹಾಕಿದ. ಬೆಳಗಿನ ಹಾಲು ಹಾಕಿ ನಿಂತಿದ್ದ ಜನ ಗೊಳ್ಳೆಂದು ನಕ್ಕರು. ಬೇವಿನ ಮರಕ್ಕೆ ಒರಗಿದ್ದ ಸಂತುವಿನ ಕಿವಿಗಳು ಕೆಂಪೇರಿದವು. ಮಗುಚಿದ್ದು ಅವನ ಮನೆಯ ಕರಟ.

ಹಾರನಹಳ್ಳಿಯಿಂದ ಸ್ವಲ್ಪ ಒಳಗಿರುವ ಆ ಊರಿನ ಡೈರಿ ಮುಂದೆ ಅವತ್ತು ಹೊಸದೊಂದು ಆಟ ನಡೆದಿತ್ತು. ಆಡಿಸಲು ಅರಸೀಕೆರೆಯಿಂದ ಮೊದಲ ಬಸ್ಸಿಗೇ ಬಂದವಳು ಮಂಜುಶ್ರೀ. ಹಾಲಿನ ಸಂಘಗಳಿಗೆ ತರಬೇತಿ ಕೊಡುವುದು ಅವಳ ಕೆಲಸ. ಗುಡಿಸಿದ ನೆಲದ ಮೇಲೆ ರಂಗೋಲಿ ಪುಡಿಯಲ್ಲಿ ಊರಿನ ಬೀದಿಗಳನ್ನು ಊರವರ ಕೈಯಲ್ಲೇ ಬರೆಸಿದ್ದಳು. ಸಂಘದ ಒಬ್ಬೊಬ್ಬ ಸದಸ್ಯರ ಮನೆಗೂ ಒಂದೊಂದು ಕರಟ. ದನದ ಕಾಯಿಲೆ, ಕರು ಹಾಕಿಸುವುದು ಗೊತ್ತಿದ್ದವರು ತಮ್ಮ ಕರಟಕ್ಕೆ ಹುಣಸೆ ಬೀಜ ಹಾಕಬೇಕು. ಮೇವಿನ ವಿಷಯ ಗೊತ್ತಿದ್ದವರು ಹರಳು ಬೀಜ. ಡಾಕ್ಟರು ಯಾವ ದಿನ ಎಲ್ಲಿರುತ್ತಾರೆ, ಯಾವ ಆಫೀಸಿನಲ್ಲಿ ಯಾರನ್ನು ಕಾಣಬೇಕು ಅಂತ ಗೊತ್ತಿದ್ದವರು ಅವರೆಕಾಳು. ನನಗಿದು ಗೊತ್ತಿಲ್ಲ, ಕಲಿಯಬೇಕು ಅನ್ನುವವರು ಬೆಣಚುಕಲ್ಲು. ಹಾಕುವಾಗ ಏನು ಗೊತ್ತು, ಏನು ಗೊತ್ತಿಲ್ಲ ಅಂತ ಎಲ್ಲರಿಗೂ ಕೇಳುವಂತೆ ಹೇಳಬೇಕು.

ಸಂತು ಮಾತ್ರ ಏನೂ ಹಾಕಿರಲಿಲ್ಲ. ಅವನ ತಾಯಿ ತಿಮ್ಮಕ್ಕ ಎರಡು ಹರಳು ಬೀಜ ಹಿಡಿದು ಮುಂದೆ ಬಂದಿದ್ದಳು, ಅವಳ ರಟ್ಟೆ ಹಿಡಿದು ನಿಲ್ಲಿಸಿದ್ದ.

“ಕಾಲಲ್ಲಿ ಒದೆಯಕ್ಕೆ ಅದೇನು ನಿಮ್ಮಪ್ಪನ ಮನೆ ಕರಟನಾ?” ಸಂತು ಗುಡುಗಿದ. “ನಮ್ಮನೇಲಿ ಏನೂ ಇಲ್ದೇ ಹೋಗಿದ್ರೆ ನಿನ್ನ ಹೆಗಲ ಮೇಲೆ ಶಾಲು ಬೀಳ್ತಿತ್ತಾ? ಹೇಳು, ಎಲ್ಲಾರ ಮುಂದೆ ಹೇಳು. ಮೆದೆ ಒಟ್ಟೋದನ್ನ ಯಾರ ಹತ್ರ ಕಲ್ತೆ?”

“ಏನ್ಲಾ, ನಾಲಿಗೆ ಉದ್ದ ಆಯ್ತು!”

“ನನ್ನ ನಾಲಿಗೆ ಬಿಡು. ನಿನ್ನ ಕೈ ಎಷ್ಟುದ್ದ ಅಂತ ಊರಿಗೇ ಗೊತ್ತು.”

ಈಗ ಯಾರೂ ನಗಲಿಲ್ಲ. ಯಾಕೆಂದರೆ ಸಂತು ಹೇಳಿದ್ದರಲ್ಲಿ ಸುಳ್ಳಿರಲಿಲ್ಲ.

ಅವನ ಅಪ್ಪ ಕರಿಯಣ್ಣ ರಾಗಿ ಹುಲ್ಲಿನ ಮೆದೆ ಒಟ್ಟುವುದರಲ್ಲಿ ಎತ್ತಿದ ಕೈ. ಪದರದ ನಡುವೆ ಅವರೆ ಹೊಟ್ಟು, ಹುರುಳಿ ಹೊಟ್ಟು ಹರಡಿ, ಉಪ್ಪುನೀರು ಚಿಮುಕಿಸಿ ಒಟ್ಟುತ್ತಿದ್ದ. ಅಂಥ ಮೆದೆಯ ಹುಲ್ಲನ್ನು ದನಗಳು ಬುಡದ ದಂಟೂ ಬಿಡದೆ ತಿನ್ನುತ್ತಿದ್ದವು. ಎರಡು ವರ್ಷದ ಕೆಳಗೆ ನಂಜುಂಡಯ್ಯ ಮೆತ್ತಗೆ ಬಂದು ಜಗಲಿ ಮೇಲೆ ಕೂತು, ಎಲೆಅಡಿಕೆ ಹಾಕಿಕೊಂಡು, ಒಂದೊಂದಾಗಿ ಕೇಳಿ ತಿಳಿದುಕೊಂಡಿದ್ದ. ಆಮೇಲೆ ತನ್ನ ಹಿತ್ತಲಲ್ಲಿ ಅಂಥದ್ದೇ ಮೆದೆ ಒಟ್ಟಿಸಿ, ಹೊರಗಿನಿಂದ ಬಂದವರಿಗೆ ತೋರಿಸಿದ. ಫೋಟೋ ತೆಗೆದರು. ಸಭೆಯಲ್ಲಿ ಶಾಲು ಹೊದಿಸಿದರು. ಕರಿಯಣ್ಣನ ಹೆಸರು ಯಾರ ಬಾಯಲ್ಲೂ ಬರಲಿಲ್ಲ. ಕರಿಯಣ್ಣ ಆ ಸಭೆಯಲ್ಲೇ ಹಿಂದೆ ಕೂತು ಚಪ್ಪಾಳೆ ತಟ್ಟಿ ಬಂದಿದ್ದ. ಸಂತುವಿಗೆ ಇವತ್ತಿಗೂ ಹೊಟ್ಟೆ ಉರಿಯುವುದು ಆ ಶಾಲಿಗಲ್ಲ, ಅಪ್ಪನ ಆ ಚಪ್ಪಾಳೆಗೆ.

ಮಂಜುಶ್ರೀ ಬಗ್ಗಿ ಕರಟವನ್ನು ನೆಟ್ಟಗೆ ಮಾಡಿದಳು. “ಬೋರಲು ಹಾಕೋದು ಈ ಆಟದಲ್ಲಿ ಇಲ್ಲ ಸಾರ್. ಖಾಲಿ ಇದ್ದರೆ ಖಾಲಿ ಇರಲಿ. ಅವರಿಗೆ ಮನಸ್ಸು ಬಂದಾಗ ಹಾಕ್ತಾರೆ.”

“ಬರಲ್ಲ,” ಅಂದ ಸಂತು.

ಅವತ್ತು ಮಧ್ಯಾಹ್ನ ಮಂಜುಶ್ರೀ ಅವರ ಮನೆಗೇ ಬಂದಳು. ಕರಿಯಣ್ಣ ಜಗಲಿ ಮೇಲೆ ಚಾಪೆ ಹಾಸಿದ. ತಿಮ್ಮಕ್ಕ ಎದುರು ಮನೆಯಿಂದ ಮಜ್ಜಿಗೆ ತಂದು ಕೊಟ್ಟಳು. ಸಂತು ಕೊಟ್ಟಿಗೆ ಬಾಗಿಲಲ್ಲಿ ನಿಂತು ಅವಳ ಚೀಲವನ್ನೇ ನೋಡುತ್ತಿದ್ದ. ಅದರೊಳಗೆ ಸುರುಳಿ ಸುತ್ತಿದ ದೊಡ್ಡ ಹಾಳೆ. ನೆಲದ ಮೇಲಿನ ನಕ್ಷೆಯನ್ನು ಅವಳು ಅದರಲ್ಲಿ ಬರೆದುಕೊಂಡಿದ್ದಳು.

“ಅದು ಯಾರಿಗೆ ಹೋಗ್ತದೆ?” ಕೇಳಿದ.

“ಎಲ್ಲಿಗೂ ಹೋಗಲ್ಲ ರೀ. ಡೈರಿ ಗೋಡೆ ಮೇಲೆ ಅಂಟಿಸ್ತೀವಿ.”

“ಹಾಸನಕ್ಕೆ?”

“ಇಲ್ಲ.”

“ನಿಮ್ಮ ಸಾಹೇಬ್ರಿಗೆ?”

“ಊರಲ್ಲಿ ಆಟ ಆಡಿಸಿದೆ, ಎಷ್ಟು ಜನ ಬಂದಿದ್ರು, ಇಷ್ಟು ಬರೆದು ಕೊಡ್ತೀನಿ. ಯಾರಿಗೆ ಏನು ಗೊತ್ತು ಅನ್ನೋದು ನಿಮ್ಮ ಸಂಘದ ಸ್ವತ್ತು.”

“ಹಂಗೇ ಹೇಳ್ತೀರಾ ಎಲ್ಲಾರೂ. ಮೊದ್ಲು ಮಜ್ಜಿಗೆ ಕುಡಿದು ಚೆನ್ನಾಗಿ ಮಾತಾಡ್ತೀರಿ. ಆಮೇಲೆ ನಮ್ಮದೇ ವಿದ್ಯೆ ನಮಗೇ ಭಾಷಣ ಮಾಡಿ ಹೇಳ್ಕೊಡಕ್ಕೆ ಬತ್ತೀರಿ.”

“ಲೇ, ಮನೆಗೆ ಬಂದ ಹೆಣ್ಣುಮಗಳ ಹತ್ರ ಏನು ಮಾತು ಅದು?” ತಿಮ್ಮಕ್ಕ ಗದರಿದಳು.

ಮಂಜುಶ್ರೀ ಮಜ್ಜಿಗೆ ಲೋಟ ಕೆಳಗಿಟ್ಟಳು. “ಕೇಳಲಿ ಬಿಡಿ ಅಮ್ಮ. ಮೆದೆ ವಿಷಯದಲ್ಲಿ ನಿಮಗೆ ಅನ್ಯಾಯ ಆಗಿದೆ ಸಂತು. ನಾನು ಇಲ್ಲ ಅನ್ನಲ್ಲ. ಆದ್ರೆ ಅದು ಯಾಕಾಯ್ತು? ನಿಮ್ಮ ತಂದೆ ಒಬ್ಬರಿಗೆ, ಜಗಲಿ ಮೇಲೆ, ಯಾರಿಗೂ ಕಾಣದ ಹಾಗೆ ಹೇಳಿಕೊಟ್ರು. ಹತ್ತು ಜನದ ಮುಂದೆ ಹೇಳಿದ್ರೆ, ಹೇಳಿದೋರು ಕರಿಯಣ್ಣ ಅಂತ ಹತ್ತು ಜನಕ್ಕೂ ಗೊತ್ತಿರ್ತಿತ್ತು.”

ಸಂತುವಿಗೆ ಆ ಮಾತು ನಾಟಿತು. ನಾಟಿದ್ದಕ್ಕೇ ಇನ್ನಷ್ಟು ಸಿಟ್ಟು ಬಂತು. ಈ ಹೆಂಗಸಿಗೆ ನಂಜುಂಡಯ್ಯನೇ ಹೇಳಿ ಕಳಿಸಿರಬೇಕು ಅಂದುಕೊಂಡ.

ಅವಳು ಕೊಟ್ಟಿಗೆಯೊಳಗೆ ಇಣುಕಿದಳು. ಕಪ್ಪುಬಿಳುಪಿನ ಸೀಮೆ ಹಸು ‘ಬೆಳ್ಳಿ’ ತುಂಬಿದ ಹೊಟ್ಟೆ ಹೊತ್ತು ಮೆಲುಕು ಹಾಕುತ್ತಿತ್ತು. ಆ ಮನೆಗೆ ಇದ್ದದ್ದು ಅದೊಂದೇ ಹಸು. ಮನೆಯ ಒಲೆ ಉರಿಯುತ್ತಿದ್ದದ್ದು ಅದರ ಹಾಲಿನ ಮೇಲೆ.

“ಇವತ್ತೋ ನಾಳೆಯೋ ಅನ್ನೋ ಹಾಗಿದೆ. ಕರು ಹಾಕಿದ ಮೇಲೆ ಏನಾದ್ರೂ ಹೆಚ್ಚುಕಮ್ಮಿ ಆದ್ರೆ ಯಾರನ್ನ ಕೇಳ್ತೀರಿ?”

“ಯಾರ್ನೂ ಕೇಳಲ್ಲ. ನಮಗೆ ಗೊತ್ತೈತೆ.”

“ಒಂದು ಬೆಣಚುಕಲ್ಲಾದ್ರೂ ಹಾಕಬಹುದಿತ್ತು,” ಅಂದು ಮಂಜುಶ್ರೀ ಬಸ್ಸಿಗೆ ಹೊರಟುಹೋದಳು.

ಮಾರನೆಯ ದಿನವೇ ಬೆಳ್ಳಿ ಸುಸೂತ್ರವಾಗಿ ಹೆಣ್ಣುಗರು ಹಾಕಿತು. ಊರಲ್ಲಿ ಹಸು ಕರು ಹಾಕಿದರೆ ಗಿಣ್ಣು ಹಂಚುವ ವಾಡಿಕೆ ನಿಮಗೆಲ್ಲ ಗೊತ್ತೇ ಇದೆ. ಬೇರೆ ಮನೆಯವರಾದರೆ ನಾಲ್ಕು ಮನೆಗೆ ಕೊಟ್ಟು ಸುಮ್ಮನಾಗುತ್ತಿದ್ದರು. ಸಂತುವಿನ ತಲೆಯಲ್ಲಿ ಕಾಲಲ್ಲಿ ಮಗುಚಿದ ಕರಟ ಕೂತಿತ್ತು. ನಮ್ಮ ಮನೆಯಲ್ಲಿ ಏನಿದೆ ಅಂತ ಈ ಊರಿಗೆ ತೋರಿಸುತ್ತೇನೆ ಅಂತ ಕೆಚ್ಚಲು ಬರಿದಾಗುವ ತನಕ ಕರೆದ. ಸಂಜೆ ಮತ್ತೆ ಕರೆದ. ತಿಮ್ಮಕ್ಕ ಬೆಲ್ಲ, ಏಲಕ್ಕಿ ಹಾಕಿ ಗಿಣ್ಣು ಬೇಯಿಸಿದಳು. ತಮ್ಮ ಬೀದಿ, ಕಾರ್ಯದರ್ಶಿಯ ಬೀದಿ, ಎರಡರ ಮನೆಮನೆಗೂ ಹೋಯಿತು. ನಂಜುಂಡಯ್ಯನ ಮನೆಗೂ ದೊಡ್ಡ ಬಟ್ಟಲು ತುಂಬಾ ಕಳಿಸಿದ. ತಿನ್ನಲಿ, ತಿಂದು ಉರಿದುಕೊಳ್ಳಲಿ ಅಂತ.

ಹೋಗದೇ ಇದ್ದದ್ದು ಒಂದೇ ಮನೆಗೆ. ಹಿಂದಿನ ಬೇಲಿಗೆ ಅಂಟಿದ ಜವರಪ್ಪನ ಮನೆಗೆ. ಬಚ್ಚಲ ನೀರು ಯಾವ ಕಡೆ ಹರಿಯಬೇಕು ಅಂತ ಎರಡು ಮನೆಗೂ ಜಗಳವಾಗಿ ಮಾತು ನಿಂತಿತ್ತು.

ಮರುದಿನ ಮಧ್ಯಾಹ್ನ ಬೆಳ್ಳಿ ಕುಸಿದು ಕೂತಿತು. ಎಬ್ಬಿಸಿದರೆ ಏಳದು. ಕತ್ತು ಪಕ್ಕಕ್ಕೆ ಹೊರಳಿಸಿ ಪಕ್ಕೆಯ ಮೇಲೆ ಇಟ್ಟುಕೊಂಡಿತ್ತು. ಕಣ್ಣು ಮಂಕು, ಮೂಗು ಒಣಗಿತ್ತು. ಕರು ಅಂಬಾ ಅಂದರೂ ಕಿವಿ ಆಡಿಸಲಿಲ್ಲ.

“ದೃಷ್ಟಿ ಆಗೈತೆ,” ಅಂದ ಕರಿಯಣ್ಣ.

“ದೃಷ್ಟಿ ಅಲ್ಲ ಕಣಪ್ಪ. ಬಟ್ಟಲು ವಾಪಸ್ ಕೊಡೋ ನೆಪದಲ್ಲಿ ಬೆಳಗ್ಗೆ ನಂಜುಂಡಯ್ಯನ ಮನೆ ಆಳು ಕೊಟ್ಟಿಗೆ ತನಕ ಬಂದಿದ್ದ. ಏನೋ ಹಾಕವ್ನೆ ಮೇವಿಗೆ.”

“ಥೂ, ಹಂಗೆಲ್ಲ ಅನ್ನಬ್ಯಾಡ.”

“ಅನ್ದೆ ಏನ್ ಮಾಡ್ಲಿ? ನಿನ್ನೆ ಎಂಗಿತ್ತು, ಇವತ್ತು ಎಂಗೈತೆ ನೋಡು!”

ಕರಿಯಣ್ಣ ಮೆಣಸು, ಬೆಳ್ಳುಳ್ಳಿ ಜಜ್ಜಿ ಕಷಾಯ ಕಾಯಿಸಿದ. ದನಕ್ಕೆ ಔಷಧ ಕುಡಿಸಲು ಸೂರಿನಲ್ಲಿ ಸಿಕ್ಕಿಸಿದ್ದ ಬಿದಿರಿನ ಗೊಟ್ಟ ತೆಗೆದು ತುಂಬಿದ. ಸಂತು ಹಸುವಿನ ದವಡೆ ಹಿಡಿದು ಮೇಲೆತ್ತಿದ. ಅಜ್ಜನ ಕಾಲದಿಂದಲೂ ಬಿದ್ದ ದನಕ್ಕೆ ಆ ಮನೆಯಲ್ಲಿ ಮಾಡುತ್ತಿದ್ದದ್ದು ಇದನ್ನೇ.

ತಿಮ್ಮಕ್ಕ ಹಿತ್ತಲ ಬಾಗಿಲ ಕಡೆ ಓಡಿದಳು.

“ಎಲ್ಲಿಗಮ್ಮ?”

“ಸಣ್ಣತಾಯಮ್ಮನ್ನ ಕರೀತೀನಿ.”

“ಜವರಪ್ಪನ ಹೆಂಡ್ತೀನಾ? ಆ ಮನೆಯೋರು ನಮ್ಮ ಕೊಟ್ಟಿಗೆಗೆ ಬರೋದು ಬ್ಯಾಡ!”

“ಸುಮ್ನಿರೋ! ಅವತ್ತು ನಕ್ಷೆಗೆ ಅವಳು ಹುಣಸೆ ಬೀಜ ಹಾಕ್ದಾಗ ಏನಂದ್ಲು ಅಂತ ನಾ ಕೇಳಿಸ್ಕೊಂಡಿದ್ದೀನಿ. ಕರು ಹಾಕಿ ಬಿದ್ದ ಹಸ ಎದ್ದಿದ್ದು ನಮ್ಮನೇಲೇ ಅಂದ್ಲು. ನೀನು ಕಿವಿಗೆ ಕದ ಹಾಕ್ಕೊಂಡು ನಿಂತಿದ್ದೆ. ನಾನು ಹಾಕ್ಕೊಂಡಿರಲಿಲ್ಲ.”

ಸಣ್ಣತಾಯಮ್ಮ ದಾರಿ ಸುತ್ತಿಕೊಂಡು ಬರಲಿಲ್ಲ, ಬೇಲಿ ಸಂದಿಯಲ್ಲೇ ನುಗ್ಗಿ ಬಂದಳು. ಬಂದವಳೇ ಕಿರುಚಿದಳು. “ಗೊಟ್ಟ ಕೆಳಗಿಡೋ ಕರಿಯಣ್ಣ! ನುಂಗಕ್ಕೆ ಆಗದ ಹಸಕ್ಕೆ ಬಾಯಿಗೆ ಹುಯ್ದರೆ ಶ್ವಾಸಕೋಶಕ್ಕೆ ಹೋಗ್ತದೆ. ಕೊಂದುಬಿಡ್ತೀಯ!”

ಕರಿಯಣ್ಣನ ಕೈ ನಿಂತಿತು. ಸಣ್ಣತಾಯಮ್ಮ ಹಸುವಿನ ಕಿವಿ ಹಿಡಿದು ನೋಡಿದಳು. “ಮುಟ್ಟು ಇಲ್ಲಿ. ಎಂಗೈತೆ?”

“ತಣ್ಣಗೈತೆ,” ಅಂದ ಸಂತು ಒಲ್ಲದ ಮನಸ್ಸಿನಿಂದ.

“ಹಾಲು ಜ್ವರ ಇದು. ಹೆಸರಿಗೆ ಜ್ವರ, ಮೈ ಮಾತ್ರ ತಣ್ಣಗಾಗ್ತದೆ. ಒಂದೇ ಸಲಕ್ಕೆ ಹಾಲೆಲ್ಲ ಹಿಂಡಿದ್ರೆ ಮೈಯಲ್ಲಿರೋ ಸುಣ್ಣದ ಸತ್ವ ಹಾಲಿನ ಜೊತೆ ಹೋಗಿಬಿಡ್ತದೆ ಅಂತ ಡಾಕ್ಟ್ರು ಹೇಳಿದ್ರು. ಹೋದ ವರ್ಷ ನಮ್ಮ ಹಸೂನೂ ಹಿಂಗೇ ಬಿದ್ದಿತ್ತು.” ಅವಳು ಸೆರಗು ಸೊಂಟಕ್ಕೆ ಸಿಕ್ಕಿಸಿದಳು. “ಊರಿಗೆಲ್ಲಾ ಗಿಣ್ಣು ಹಂಚಿದ್ರಿ, ನಮ್ಮನೆ ಬಾಗ್ಲು ಕಾಣಲಿಲ್ಲ. ನಮ್ಮ ಪಾಲಿಂದಾದ್ರೂ ಕೆಚ್ಚಲಲ್ಲೇ ಬಿಟ್ಟಿದ್ರೆ ಆಗ್ತಿರಲಿಲ್ವಾ?”

ತಿಮ್ಮಕ್ಕನಿಗೆ ಅಳುವಿನ ನಡುವೆಯೂ ನಗು ಬಂತು.

ನಾಲ್ವರೂ ಸೇರಿ ಹಸುವನ್ನು ಅಡ್ಡಬೀಳದಂತೆ ಎದೆಯ ಮೇಲೆ ನೆಟ್ಟಗೆ ಕೂರಿಸಿದರು. ಎರಡು ಪಕ್ಕಕ್ಕೂ ಹೊಟ್ಟಿನ ಮೂಟೆ ಒತ್ತುಕೊಟ್ಟರು. “ಇದಕ್ಕೆ ರಕ್ತನಾಳಕ್ಕೇ ಬಾಟ್ಲಿ ಏರಿಸ್ಬೇಕು. ಅದು ಡಾಕ್ಟ್ರ ಕೆಲಸ, ನನ್ನದಲ್ಲ. ಸಂಜೆ ತನಕ ತಡೆಯಲ್ಲ ಇದು, ಈಗ್ಲೇ ಕರ್ಕೊಂಡು ಬನ್ನಿ,” ಅಂದಳು ಸಣ್ಣತಾಯಮ್ಮ.

“ಡಾಕ್ಟ್ರು ಇವತ್ತು ಎಲ್ಲವ್ರೆ?” ಕೇಳಿದ ಕರಿಯಣ್ಣ. “ಅರಸೀಕೆರೇಲೋ? ಗಂಡಸಿ ಆಸ್ಪತ್ರೇಲೋ?”

ಯಾರಿಗೂ ಗೊತ್ತಿರಲಿಲ್ಲ. ತಿಮ್ಮಕ್ಕ ಮಗನ ಮುಖ ನೋಡಿದಳು. “ಆ ಅವರೆಕಾಳು ಇದ್ದದ್ದು ಒಂದೇ ಕರಟದಲ್ಲಿ ಕಣೋ.”

ಯಾರ ಕರಟ ಅಂತ ಅವಳು ಹೇಳಬೇಕಾಗಿರಲಿಲ್ಲ. ಸಂತು ಬಾಗಿಲ ತನಕ ಹೋದ, ನಿಂತ. ತಿರುಗಿ ಹಸುವನ್ನು ನೋಡಿದ. ಆಮೇಲೆ ಓಡಿದ.

ನಂಜುಂಡಯ್ಯ ಊಟಕ್ಕೆ ಕೂತಿದ್ದ. ಸಂತು ಹೊಸ್ತಿಲಾಚೆಯಿಂದಲೇ ಹೇಳಿದ. ಹೇಳುವಾಗ ಅವನ ಕಣ್ಣು ನಂಜುಂಡಯ್ಯನ ಮುಖದ ಮೇಲಿತ್ತು. ಈಗ ನಗುತ್ತಾನೆ, ಈಗ ಬೋರಲು ಕರಟದ ಮಾತು ತೆಗೆಯುತ್ತಾನೆ ಅಂತ ಕಾಯುತ್ತಿದ್ದ.

ನಂಜುಂಡಯ್ಯ ಮುದ್ದೆ ಮುರಿದ ಕೈಯನ್ನು ತಟ್ಟೆಯಲ್ಲೇ ತೊಳೆದ. “ಇವತ್ತು ಗಂಡಸೀಲಿ ಅವ್ರೆ. ಫೋನ್ ಮಾಡಿದ್ರೆ ಕಾಂಪೌಂಡರ್ ಎತ್ತಿ, ಡಾಕ್ಟ್ರಿಗೆ ಆಮೇಲೆ ಹೇಳ್ತಾನೆ, ಅಷ್ಟೊತ್ತಿಗೆ ಹಸ ಇರಲ್ಲ. ಗಾಡಿ ಹತ್ತು.”

“ನೀನು...”

“ಬೈಯೋದಿದ್ರೆ ದಾರೀಲಿ ಬೈ. ಹತ್ತಲಾ!”

ಎಂ-80 ಗಾಡಿ ಮೇಲೆ ಇಬ್ಬರೂ ಗಂಡಸಿ ದಾರಿ ಹಿಡಿದರು. ಡಾಕ್ಟರನ್ನು ಹಿಡಿದು ಕರೆತಂದಾಗ ಬಿಸಿಲಿನ್ನೂ ಇಳಿದಿರಲಿಲ್ಲ. ಅವರು ಬಾಟಲಿಯನ್ನು ಬಿಸಿನೀರಿನಲ್ಲಿ ಅದ್ದಿ ಬೆಚ್ಚಗೆ ಮಾಡಿಕೊಂಡು, ಕತ್ತಿನ ನಾಳಕ್ಕೆ ಸೂಜಿ ಚುಚ್ಚಿ ನಿಧಾನವಾಗಿ ಏರಿಸಿದರು. ಬೆಳ್ಳಿಯ ಮೈ ನಡುಗಿತು. ತೇಗಿತು. ಸಗಣಿ ಹಾಕಿತು. ಸ್ವಲ್ಪ ಹೊತ್ತಿಗೆ ಮುಂಗಾಲು ಊರಿ, ಒಮ್ಮೆ ಮುಗ್ಗರಿಸಿ, ಎದ್ದು ನಿಂತು ಕರುವಿನ ಕಡೆ ಮುಖ ಚಾಚಿತು. ಕರಿಯಣ್ಣ ಗೋಡೆಗೆ ತಿರುಗಿ ಟವೆಲ್ಲಿನಿಂದ ಮುಖ ಒರೆಸಿಕೊಂಡ.

“ಕರುವಿಗೆ ಹೊಟ್ಟೆ ತುಂಬಾ ಗಿಣ್ಣುಹಾಲು ಕುಡಿಸಿ,” ಅಂದರು ಡಾಕ್ಟರು. “ಆದ್ರೆ ಹೆಚ್ಚು ಹಾಲು ಕೊಡೋ ಹಸು ಕರು ಹಾಕಿದ ಮೊದಲ ಎರಡು ಮೂರು ದಿನ ಕೆಚ್ಚಲು ಬರಿದು ಮಾಡಬೇಡಿ. ಬಿದ್ದರೆ ತಡ ಮಾಡಬೇಡಿ, ಬಾಯಿಗೆ ಏನೂ ಹುಯ್ಯಬೇಡಿ. ಯಾರು ಗುರುತು ಹಿಡಿದದ್ದು?”

“ನಮ್ಮ ಸಣ್ಣತಾಯಮ್ಮ,” ಅಂದಳು ತಿಮ್ಮಕ್ಕ. ಎಷ್ಟೋ ದಿನದ ಮೇಲೆ ಆ ಮನೆಯಲ್ಲಿ ಆ ಹೆಸರಿಗೆ ‘ನಮ್ಮ’ ಸೇರಿತ್ತು.

ಮುಂದಿನ ವಾರ ಮಂಜುಶ್ರೀ ಮತ್ತೆ ಬಂದಳು. ಮತ್ತೆ ರಂಗೋಲಿ ಪುಡಿ, ಮತ್ತೆ ಕರಟಗಳು. ಈ ಸಲ ಸಂತು ಬೇವಿನ ಮರ ಬಿಟ್ಟು ಮುಂದೆ ಬಂದ. ಆದರೆ ಬೀಜ ಮುಟ್ಟುವ ಮೊದಲೇ ಕೈ ಎತ್ತಿದ.

“ಹಾಕ್ತೀನಿ. ಅದಕ್ಕೆ ಮುಂಚೆ ನನ್ನ ಮಾತು ಕೇಳಿ. ಗೋಡೆ ಮೇಲೆ ಬರೀ ಬೀಜದ ಚಿತ್ರ ಬ್ಯಾಡ. ಏನು ಗೊತ್ತು, ಯಾರಿಗೆ ಗೊತ್ತು, ಹೆಸರು ಹಾಕ್ಬೇಕು. ಯಾರಾದ್ರೂ ಬೇರೆಯೋರಿಂದ ಕಲ್ತಿದ್ರೆ ಕಲಿಸಿದೋರ ಹೆಸರೂ ಇರ್ಬೇಕು. ಹೇಳಕ್ಕೆ ಇಷ್ಟ ಇಲ್ದೋರ ಕರಟ ಖಾಲಿ ಬಿಡ್ಬೇಕು, ಒದೆಯಂಗಿಲ್ಲ. ಮತ್ತೆ, ಡಾಕ್ಟ್ರು ಎಲ್ಲವ್ರೆ ಅನ್ನೋದು ಒಬ್ಬನಿಗೇ ಗೊತ್ತಿದ್ರೆ ಅವನು ಊರಲ್ಲಿ ಇಲ್ಲದ ದಿನ ನಮ್ಮ ದನ ಸಾಯ್ಬೇಕಾ? ಒಂದೊಂದು ಕೆಲಸ ಇಬ್ಬರಿಗಾದ್ರೂ ಗೊತ್ತಿರ್ಬೇಕು.”

“ಇದನ್ನೇ ನಾನು ಹೇಳಬೇಕು ಅಂತಿದ್ದೆ,” ಅಂದಳು ಮಂಜುಶ್ರೀ. “ನೀವೇ ಹೇಳಿದ್ದು ಚೆನ್ನಾಯ್ತು. ನನ್ನ ಬಾಯಿಂದ ಬಂದಿದ್ರೆ ನೀವು ನಂಬ್ತಿರಲಿಲ್ಲ.”

ಜನ ನಕ್ಕರು. ಸಂತು ನಗಲಿಲ್ಲ. ಬಗ್ಗಿ ತನ್ನ ಮನೆಯ ಕರಟಕ್ಕೆ ಒಂದು ಬೆಣಚುಕಲ್ಲು ಹಾಕಿ, “ಕರು ಹಾಕಿದ ಹಸದ ಕಾಯಿಲೆ ನಂಗೆ ಗೊತ್ತಿಲ್ಲ, ಕಲೀಬೇಕು,” ಅಂದ. ಎಲ್ಲರಿಗೂ ಕೇಳುವಂತೆಯೇ ಅಂದ. ಸಣ್ಣತಾಯಮ್ಮ ಅಲ್ಲಿಂದಲೇ, “ನಾಳೆ ಕೊಟ್ಟಿಗೆಗೆ ಬಾ. ಬೇಲಿ ಹಾರ್ಕೊಂಡಾದ್ರೂ ಬಾ,” ಅಂದಳು.

ಮೆದೆಯ ಸರದಿ ಬಂತು. ನಂಜುಂಡಯ್ಯನ ಕರಟದಲ್ಲಿ ಹೋದ ಸಲದಂತೆ ಈಗಲೂ ಮೇವಿನ ಹರಳು ಬೀಜ ಇತ್ತು. ಎಲ್ಲರೂ ಅದನ್ನೇ ನೋಡಿದರು. ನಂಜುಂಡಯ್ಯ ಕುರ್ಚಿಯಿಂದ ಎದ್ದು ಬಂದು ಬಗ್ಗಿದ. ಬೀಜ ಎತ್ತಿ ಕರಿಯಣ್ಣನ ಮನೆ ಕರಟಕ್ಕೆ ಹಾಕಿದ. “ಬರ್ಕೊಳಿ ಮೇಡಂ. ಮೆದೆ ಒಟ್ಟೋದು ಕರಿಯಣ್ಣ. ಅವರಿಂದ ಕಲ್ತೋನು ನಂಜುಂಡಯ್ಯ.” ತಪ್ಪಾಯಿತು ಅನ್ನಲಿಲ್ಲ. ಅಷ್ಟೇ ಅಂದ.

ಮುಂದಿನ ಭಾನುವಾರ ಕರಿಯಣ್ಣ ಊರವರ ನಡುವೆ ಹುಲ್ಲಿನ ಮೇಲೆ ನಿಂತು ಮೆದೆ ಒಟ್ಟಿ ತೋರಿಸಿದ. ಅದಾದ ಮೇಲೆ ವಾರಕ್ಕೊಂದು ಕೊಟ್ಟಿಗೆಯಲ್ಲಿ ಸೇರುವುದು, ಆ ಮನೆಯವರಿಗೆ ಗೊತ್ತಿದ್ದದ್ದನ್ನು ಕಣ್ಣಾರೆ ನೋಡಿ ಕಲಿಯುವುದು ಅಂತಾಯಿತು.

ಓದುತ್ತಿರುವ ಅಕ್ಕಂದಿರೇ, ಅಣ್ಣಂದಿರೇ, ನಿಮ್ಮೂರಲ್ಲೂ ಹಾಲಿನ ಸಂಘ ಇದೆ, ಸ್ತ್ರೀಶಕ್ತಿ ಗುಂಪಿದೆ. ಬೇಕಾದ ವಿದ್ಯೆ ಬಹಳ ಸಲ ನಿಮ್ಮ ಬೇಲಿಯಾಚೆಯೇ ಇರುತ್ತದೆ, ಯಾರ ಹತ್ತಿರ ಅಂತ ಗೊತ್ತಿಲ್ಲದೆ ಮನೆಯ ಹಸು ಸಾಯುತ್ತದೆ. ಈ ವಾರವೇ ಒಂದು ಜಾಗ ಗುಡಿಸಿ, ಊರಿನ ನಕ್ಷೆ ಬರೆಯಿರಿ, ಮನೆಗೊಂದು ಕರಟ ಇಡಿ. ಗೊತ್ತಿರುವುದಕ್ಕೆ ಬೀಜ ಹಾಕಿ, ಗೊತ್ತಿಲ್ಲದ್ದಕ್ಕೆ ನಾಚದೆ ಕಲ್ಲು ಹಾಕಿ. ಅನುಮಾನ ಇದೆಯಾ? ಇರಲಿ. ಅನುಮಾನ ಇದ್ದವರು ಮನೆಯಲ್ಲಿ ಕೂರಬೇಡಿ, ಮುಂದೆ ಬಂದು ಕೂರಿ. ಇದು ಯಾರ ಕೈಗೆ ಹೋಗುತ್ತದೆ, ಯಾರ ಹೆಸರು ಹಾಕುತ್ತೀರಿ ಅಂತ ಎಲ್ಲರ ಮುಂದೆ ಕೇಳಿ. ಕಲಿಸಿದವರ ಹೆಸರು ನುಂಗುವ ಸಂಘ ಸಂಘವಲ್ಲ. ಕೇಳದೆ ಬಾಯಿ ಮುಚ್ಚಿಕೊಂಡಿರುವ ಸದಸ್ಯನೂ ಸದಸ್ಯನಲ್ಲ.

ಸಂತು ಈಗಲೂ ದಿನಾ ಬೆಳಗ್ಗೆ ಹಾಲು ಹಾಕಿದ ಮೇಲೆ ಡೈರಿ ಗೋಡೆಯ ಮುಂದೆ ನಿಲ್ಲುತ್ತಾನೆ. ಹಾಳೆಯ ಮೇಲೆ ಅಪ್ಪನ ಹೆಸರು ಇದೆಯೋ, ಯಾರಾದರೂ ಅಳಿಸಿದರೋ ಅಂತ ನೋಡುತ್ತಾನೆ. ಒಂದು ದಿನ ನಂಜುಂಡಯ್ಯ ಅದನ್ನು ಕಂಡು, ಸಾಲಿನಲ್ಲಿದ್ದವರಿಗೆಲ್ಲ ಕೇಳುವಂತೆ ಕೂಗಿದ.

“ಏನ್ಲಾ ಸಂತು, ಇನ್ನೂ ನಂಬಿಕೆ ಬಂದಿಲ್ವಾ ನನ್ನ ಮೇಲೆ?”

ಸಂತು ‘ಕರಿಯಣ್ಣ’ ಅನ್ನುವ ಅಕ್ಷರಗಳನ್ನು ಇನ್ನೊಮ್ಮೆ ಪೂರ್ತಿ ಓದಿದ. ಖಾಲಿ ಕ್ಯಾನು ಎತ್ತಿಕೊಂಡ. ಹಿಂದೆ ತಿರುಗದೆ ಸಣ್ಣತಾಯಮ್ಮನ ಕೊಟ್ಟಿಗೆಯ ಕಡೆ ನಡೆದ.